ಗೆಡ್ಡೆ ತೆಗೆದ ಮೇಲೆ

ಅಡುಗೆಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರು. ಒಂದು ಹಬ್ಬ, ಅಮಾವಾಸ್ಯೆ, ರಾಹುಕಾಲ ನೋಡುವುದಕ್ಕೆ. ಇನ್ನೊಂದು ಗೊಬ್ಬರದಂಗಡಿಯವರು ಕೊಟ್ಟಿದ್ದು. ಅದರ ಒಂದೊಂದು ಚೌಕದಲ್ಲೂ ನೀಲಿ ಪೆನ್ನಿನಲ್ಲಿ ಬರೆದ ಮೂರು ಅಂಕಿ. ಮೇಲಿನದು ಬೆಳಗಿನ ತೂಕ, ನಡುವಿನದು ಕುಡಿದ ನೀರು, ಕೆಳಗಿನದು ಮೂತ್ರವಾಗಿ ಹೊರಗೆ ಹೋದದ್ದು. ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆ, ಹೊತ್ತು ಆರೂಕಾಲು. ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿರುವ ವಾಸನೆ ಇಡೀ ಮನೆಗೆ ಹಬ್ಬಿದೆ.

"ಮುಖ ಆಮೇಲೆ ತೊಳಿ, ಮೊದ್ಲು ಹತ್ತಿ ನಿಂತ್ಕೊಳೆ," ಎನ್ನುತ್ತಾ ಅಮ್ಮ ತೂಕದ ಮೆಷಿನ್ನನ್ನು ಕಾಲಲ್ಲೇ ಮುಂದಕ್ಕೆ ನೂಕುತ್ತಾಳೆ. ಹದಿನಾರರ ಹುಡುಗಿ ನಿದ್ದೆಗಣ್ಣಲ್ಲೇ ಹತ್ತುತ್ತಾಳೆ. ನಿನ್ನೆಗಿಂತ 600 ಗ್ರಾಂ ಹೆಚ್ಚು. ಒಂದೇ ರಾತ್ರಿಯಲ್ಲಿ ಮೈಗೆ ಅಷ್ಟು ಕೊಬ್ಬು ಬರುವುದಿಲ್ಲ, ಬಂದದ್ದು ನೀರು. "ಇವತ್ತು ಎರಡು ಲೋಟ ಕಮ್ಮಿ," ಎಂದು ಅಮ್ಮ ತೀರ್ಪು ಕೊಟ್ಟು ಸ್ಟೀಲ್ ಲೋಟಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾಳೆ. ಸಾಲು ಮುಗಿದರೆ ದಿನದ ನೀರು ಮುಗಿದಂತೆ. ಹುಡುಗಿಗೆ ಬಾಯಾರಿಕೆ ಆಗುವುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ನಿಂತರೂ ಆಗುವುದಿಲ್ಲ. ನೀರು ಬೇಕೆಂದು ಹೇಳುವ ಮಿದುಳಿನ ಜಾಗ ಎಂಟು ವರ್ಷದ ಹಿಂದೆಯೇ ಕೆಟ್ಟುಹೋಗಿದೆ.

ಬರಿಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಜೊತೆಗೇ ಹೈಡ್ರೊಕಾರ್ಟಿಸೋನ್, ದಿನಕ್ಕೆ ಮೂರು ಸಲದಲ್ಲಿ ಮೊದಲನೆಯದು. ಮೂತ್ರ ಹಿಡಿದಿಡಲು ಡೆಸ್ಮೊಪ್ರೆಸಿನ್. ರಾತ್ರಿಗೆ ಹೆಣ್ತನದ ಹಾರ್ಮೋನಿನ ಮಾತ್ರೆ. ಹೋದ ವರ್ಷದವರೆಗೆ ರಾತ್ರಿ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದೂ ಇತ್ತು. ಎತ್ತರ ನಿಂತಿತೆಂದು ಅದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ.

ಈ ಹುಡುಗಿಗೆ ಇಲ್ಲಿ ಹೆಸರು ಕೊಟ್ಟಿಲ್ಲ. ಇದು ಒಂದೇ ಮನೆಯ ಚಿತ್ರವೂ ಅಲ್ಲ. ಇಂಥ ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಸೂರಿನಡಿ ಕೂಡಿಸಿದ್ದೇನೆ.

ಕಾಯಿಲೆಯ ಹೆಸರು ಕ್ರೇನಿಯೋಫ್ಯಾರಿಂಜಿಯೋಮಾ. ಆ ಮನೆಯಲ್ಲಿ ಯಾರೂ ಅದನ್ನು ಪೂರ್ತಿ ಹೇಳುವುದಿಲ್ಲ, 'ತಲೇಲಿ ಗೆಡ್ಡೆ ಆಗಿತ್ತು' ಅಂದರೆ ಸಾಕು. ಇದರ ಹುಟ್ಟಿನ ಕತೆ ವಿಚಿತ್ರ. ಬಸಿರಿನ ಮೊದಲ ವಾರಗಳಲ್ಲಿ ಮಗುವಿನ ಬಾಯಿಯ ಚಾವಣಿಯಿಂದ ಒಂದು ಚಿಕ್ಕ ಚೀಲ ಮೇಲಕ್ಕೆ ಹೋಗಿ ಪಿಟ್ಯುಟರಿ ಗ್ರಂಥಿಯ ಮುಂಭಾಗವಾಗುತ್ತದೆ. 1838ರಲ್ಲಿ ಅದನ್ನು ವರ್ಣಿಸಿದ ಜರ್ಮನ್ ಭ್ರೂಣಶಾಸ್ತ್ರಜ್ಞ ಮಾರ್ಟಿನ್ ರಾಥ್ಕೆಯ ಹೆಸರೇ ಆ ಚೀಲಕ್ಕೂ ಉಳಿದಿದೆ. ಬಾಯಿಯಿಂದ ಹೊರಟ ಆ ಅಂಗಾಂಶದ ಚೂರು ದಾರಿಯಲ್ಲಿ ಉಳಿದು ಎಷ್ಟೋ ವರ್ಷದ ಮೇಲೆ ಬೆಳೆಯತೊಡಗಿದರೆ ಈ ಗೆಡ್ಡೆ. ಹಾಗಾಗಿ ಮಕ್ಕಳಲ್ಲಿ ಇದರ ಜೀವಕೋಶಗಳು ಹಲ್ಲಿನ ಎನಾಮಲ್ ಕಟ್ಟುವ ಕೋಶಗಳನ್ನು ಹೋಲುತ್ತವೆ. ಸಿ.ಟಿ. ಸ್ಕ್ಯಾನಿನಲ್ಲಿ ಮಿದುಳಿನ ನಟ್ಟನಡುವೆ ಸುಣ್ಣಗಟ್ಟಿದ ಬಿಳಿ ಚುಕ್ಕೆಗಳು ಕಾಣುತ್ತವೆ. ಗೆಡ್ಡೆಯ ಜೊತೆ ನೀರುಗುಳ್ಳೆಯೂ ಇರುತ್ತದೆ. ಅದನ್ನು ಚುಚ್ಚಿದರೆ ಬರುವುದು ಕಂದು ಬಣ್ಣದ ದ್ರವ, ಒಳಗೆ ಮಿನುಗುವ ಕೊಲೆಸ್ಟರಾಲ್ ಹರಳು. ಶಸ್ತ್ರಚಿಕಿತ್ಸಕರು ಅದಕ್ಕೆ ಮೆಷಿನ್ ಆಯಿಲ್ ಎನ್ನುತ್ತಾರೆ.

ಹತ್ತು ಲಕ್ಷ ಜನರಿಗೆ ವರ್ಷಕ್ಕೆ ಒಬ್ಬರಿಬ್ಬರಿಗೆ ಬರುವ ಕಾಯಿಲೆ, ಕೆಲವು ಲೆಕ್ಕದಲ್ಲಿ ಅದಕ್ಕೂ ಕಡಿಮೆ. ಹಾಗೆ ಬಂದವರಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಮಕ್ಕಳು. ಆರು ಕೋಟಿ ದಾಟಿದ ಕರ್ನಾಟಕಕ್ಕೆ ಈ ಲೆಕ್ಕ ಹಿಡಿದರೆ ವರ್ಷಕ್ಕೆ ಕೆಲವೇ ಹತ್ತಾರು ಮಕ್ಕಳು. ಒಂದು ತಾಲ್ಲೂಕಿನ ವೈದ್ಯರು ಇಡೀ ವೃತ್ತಿಜೀವನದಲ್ಲಿ ಒಂದೂ ನೋಡದೆ ನಿವೃತ್ತರಾಗಬಹುದು. ಹಾಗಾಗಿ ಗುರುತು ಹಿಡಿಯುವುದು ತಡ.

ಇವಳದ್ದೂ ತಡವೇ ಆಯಿತು. ಒಂದನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಡುವೆ ನಿಲ್ಲುತ್ತಿದ್ದವಳು ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಎಲ್ಲರಿಗಿಂತ ಮುಂದೆ ನಿಂತಿದ್ದಳು. 'ಅವರಪ್ಪನ ಕಡೆಯೋರೆಲ್ಲ ಕುಳ್ಳರೇ' ಎಂದು ಸುಮ್ಮನಾದರು. ಬೆಳಗ್ಗೆ ತಲೆನೋವು, ಎದ್ದಕೂಡಲೇ ವಾಂತಿ. ಪಿತ್ತ ಅಂದರು. ದೃಷ್ಟಿ ತೆಗೆದರು, ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಹೊತ್ತರು. ಕೊನೆಗೆ ಗೊತ್ತು ಮಾಡಿದ್ದು ಶಾಲೆಯ ಮೇಷ್ಟ್ರು. ಬೋರ್ಡಿನ ಎರಡೂ ಅಂಚಿನ ಅಕ್ಷರ ಬಿಟ್ಟು ನಡುವಿನದನ್ನು ಮಾತ್ರ ಬರೆದುಕೊಳ್ಳುತ್ತಾಳೆಂದು ಅವರು ಗಮನಿಸಿದ್ದರು. ಎರಡು ಕಣ್ಣಿನ ನರಗಳು ಒಂದನ್ನೊಂದು ಅಡ್ಡಹಾಯುವ ಜಾಗದ ಕೆಳಗೆ ಗೆಡ್ಡೆ ಒತ್ತಿದಾಗ ಮೊದಲು ಹೋಗುವುದು ಹೊರಬದಿಯ ನೋಟ. ಎದುರಿನವರು ಕಾಣುತ್ತಾರೆ, ಪಕ್ಕದಿಂದ ಬರುವ ಸೈಕಲ್ಲು ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಸ್ಕ್ಯಾನು ನೋಡಿದ ಡಾಕ್ಟರು ಹೇಳಿದ ಮೊದಲ ಮಾತು: "ಕ್ಯಾನ್ಸರ್ ಅಲ್ಲ." ಅಪ್ಪ ಅಲ್ಲೇ ಕಾರಿಡಾರಿನಲ್ಲಿ ಕುಸಿದು ಕೂತು ಅತ್ತರಂತೆ, ಸಂತೋಷಕ್ಕೆ.

ಮಾತು ಸುಳ್ಳಲ್ಲ. ಈ ಗೆಡ್ಡೆ ಸೌಮ್ಯ ಜಾತಿಯದು, ಮೈಯ ಬೇರೆ ಕಡೆಗೆ ಹರಡುವುದಿಲ್ಲ. ಆದರೆ ಅದು ಕೂತಿರುವ ಜಾಗ ಸೌಮ್ಯವಲ್ಲ. ಕೆಳಗೆ ಪಿಟ್ಯುಟರಿ, ಮುಂದೆ ದೃಷ್ಟಿನರ, ಮೇಲೆ ಹೈಪೊಥಲಾಮಸ್. ಬಾದಾಮಿಯಷ್ಟೇ ಇರುವ ಆ ಹೈಪೊಥಲಾಮಸ್ಸೇ ಹಸಿವು, ಬಾಯಾರಿಕೆ, ನಿದ್ದೆ, ಮೈಶಾಖ, ಹರೆಯ ಎಲ್ಲದರ ಉಸ್ತುವಾರಿ. ಅಮೆರಿಕದ ಹಾರ್ವಿ ಕುಶಿಂಗ್ 1932ರಲ್ಲಿ ಈ ಗೆಡ್ಡೆಯ ಈಗಿನ ಹೆಸರನ್ನು ಬಳಕೆಗೆ ತಂದ ಕಾಲಕ್ಕೆ ಇದನ್ನು ಮುಟ್ಟುವುದೆಂದರೆ ಸಾವಿನ ಜೊತೆ ಆಟ. ಆಪರೇಷನ್ ಚೆನ್ನಾಗಿಯೇ ಆದರೂ ಮೈಯಲ್ಲಿ ಕಾರ್ಟಿಸಾಲ್ ಇಲ್ಲದೆ ಮಕ್ಕಳು ಕುಸಿಯುತ್ತಿದ್ದರು. 1950ರ ಸುಮಾರಿಗೆ ಕಾರ್ಟಿಸೋನ್ ಔಷಧ ಸಿಗತೊಡಗಿದ ಮೇಲೆ ಕೈಗಳಿಗೆ ಧೈರ್ಯ ಬಂತು. ಬೋಸ್ಟನ್ನಿನ ಡೊನಾಲ್ಡ್ ಮ್ಯಾಟ್ಸನ್ ಗೆಡ್ಡೆಯನ್ನು ಬುಡಸಮೇತ ತೆಗೆಯಬೇಕೆಂಬ ಪಂಥದವರು. ಮುಂದಿನ ಕೆಲವು ದಶಕ ಅದೇ ಆದರ್ಶ. ಸ್ಕ್ಯಾನಿನಲ್ಲಿ ಒಂದು ಚೂರೂ ಕಾಣದಿದ್ದರೆ ಗೆದ್ದಂತೆ.

ಗೆದ್ದದ್ದು ಸ್ಕ್ಯಾನಿನಲ್ಲಿ. ಆ ಮಕ್ಕಳು ಬೆಳೆದು ಮತ್ತೆ ಬಾಗಿಲಿಗೆ ಬಂದಾಗ ಬೇರೆಯದೇ ಚಿತ್ರ ಕಂಡಿತು. ತಡೆಯಲಾಗದ ಬೊಜ್ಜು, ಹಗಲೆಲ್ಲ ತೂಕಡಿಕೆ, ಹೇಳಿದ್ದು ಮರೆಯುವ ಮನಸ್ಸು, ಗೆಳೆಯರಿಲ್ಲದ ಹರೆಯ. ಗೆಡ್ಡೆಯನ್ನು ಪೂರ್ತಿ ಬಿಡಿಸಿ ತೆಗೆಯುವಾಗ ಅದಕ್ಕೆ ಅಂಟಿಕೊಂಡಿದ್ದ ಹೈಪೊಥಲಾಮಸ್ಸೂ ಹರಿದಿತ್ತು. ಪ್ಯಾರಿಸ್ಸಿನ ನೆಕರ್ ಮಕ್ಕಳ ಆಸ್ಪತ್ರೆಯವರು 2007ರಲ್ಲಿ ಹೈಪೊಥಲಾಮಸ್ಸಿಗೆ ಎಷ್ಟು ಅಂಟಿದೆ ಎಂಬುದನ್ನು ಎಂ.ಆರ್.ಐ.ಯಲ್ಲೇ ಅಳೆದು, ಹೆಚ್ಚು ಅಂಟಿದ್ದರೆ ಅಷ್ಟು ಭಾಗವನ್ನು ಬೇಕೆಂದೇ ಬಿಟ್ಟುಬರುವ ಪದ್ಧತಿಯನ್ನು ಮಂಡಿಸಿದರು. ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ಹರ್ಮನ್ ಮ್ಯೂಲರ್ ತಂಡ ದೇಶದುದ್ದಕ್ಕೂ ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದಾಗಲೂ ಅದೇ ಕಂಡಿತು. ಮುಂದಿನ ಬದುಕನ್ನು ನಿರ್ಧರಿಸುವುದು ತೆಗೆದ ಗೆಡ್ಡೆಗಿಂತ ಉಳಿಸಿದ ಮಿದುಳು. ಇವತ್ತು ಅನುಭವಿ ಶಸ್ತ್ರಚಿಕಿತ್ಸಕರು ಚೂರು ಬಿಟ್ಟುಬಂದು, ಆ ಚೂರಿಗೆ ವಿಕಿರಣ ಕೊಡಿಸುತ್ತಾರೆ. ಪೂರ್ತಿ ತೆಗೆಯುವ ಕೈಗಿಂತ ನಿಲ್ಲಬೇಕಾದಲ್ಲಿ ನಿಲ್ಲುವ ಕೈಯೇ ದೊಡ್ಡದೆಂದು ನನಗನಿಸುವುದು ಈ ಗೆಡ್ಡೆಯ ವಿಷಯದಲ್ಲಿ. ಆದರೆ 'ಪೂರ್ತಿ ತೆಗೆದ್ರಾ ಸಾರ್?' ಎಂದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೇಳುವ ತಂದೆಗೆ ಇದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ.

ನೀರುಗುಳ್ಳೆ ಮತ್ತೆ ತುಂಬುವ ಮಕ್ಕಳಿಗೆ ತಲೆಯ ಚರ್ಮದಡಿ ಒಂದು ಸಣ್ಣ ಗುಮ್ಮಟ ಇಡುವುದುಂಟು, ಅಲ್ಲಿಂದ ಸೂಜಿಯಲ್ಲಿ ದ್ರವ ಹೀರಿ ತೆಗೆಯಬಹುದು. 1963ರಲ್ಲಿ ಅದನ್ನು ರೂಪಿಸಿದವರು ಪಾಕಿಸ್ತಾನ ಮೂಲದ ನರಶಸ್ತ್ರಚಿಕಿತ್ಸಕ ಅಯೂಬ್ ಒಮ್ಮಾಯ. ಜಗತ್ತಿನ ಎಷ್ಟೋ ಮಕ್ಕಳ ನೆತ್ತಿಯ ಮೇಲೆ ಅವರ ಹೆಸರಿದೆ.

ಇವಳ ಆಪರೇಷನ್ ಆದ ಎರಡನೇ ದಿನ ಮೂತ್ರದ ಚೀಲ ಗಂಟೆಗೊಮ್ಮೆ ತುಂಬತೊಡಗಿತು. ನಾಲ್ಕೈದು ದಿನಕ್ಕೆ ತಾನಾಗಿ ಇಳಿಯಿತು. 'ವಾಸಿ ಆಯ್ತು' ಎಂದು ಅಜ್ಜಿ ಊರಿಗೆ ಫೋನ್ ಮಾಡಿಸಿದರು. ವಾಸಿಯಾಗಿರಲಿಲ್ಲ. ಪಿಟ್ಯುಟರಿಯ ಕಾಂಡ ಪೆಟ್ಟುತಿಂದಾಗ ಹೀಗೆ ಮೂರು ಘಟ್ಟ ಬರುತ್ತವೆ: ಮೊದಲು ನೀರು ಹಿಡಿಯುವ ಹಾರ್ಮೋನ್ ನಿಲ್ಲುತ್ತದೆ, ಆಮೇಲೆ ಸಾಯುತ್ತಿರುವ ನರತುದಿಗಳಿಂದ ಉಳಿದದ್ದೆಲ್ಲ ಒಮ್ಮೆಗೆ ಸೋರುತ್ತದೆ, ಕೊನೆಗೆ ಖಾಲಿ. ನಡುವಿನ ಘಟ್ಟದಲ್ಲಿ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಆಗ ಡೆಸ್ಮೊಪ್ರೆಸಿನ್ ಕೊಟ್ಟರಂತೂ ಅನಾಹುತ. ಸೋಡಿಯಂ 135ರಿಂದ 145ರ ನಡುವೆ ಇರಬೇಕೆಂಬ ಪಾಠವನ್ನು ಎಸ್ಸೆಸ್ಸೆಲ್ಸಿ ಮುಗಿಸದ ಆ ತಾಯಿ ಕಲಿತದ್ದು ಅದೇ ವಾರ್ಡಿನಲ್ಲಿ. ಈಗ ರಿಪೋರ್ಟು ಕೈಗೆ ಬಂದ ಕೂಡಲೇ ಅವಳ ಬೆರಳು ಹೋಗುವುದು ಆ ಸಾಲಿಗೇ.

ನೀರನ್ನು ಹೇಗೋ ಅಳೆಯಬಹುದು. ಹಸಿವನ್ನು ಅಳೆಯುವುದು ಹೇಗೆ?

ಹೊಟ್ಟೆ ತುಂಬಿತು, ಮೈಯಲ್ಲಿ ಸಾಕಷ್ಟು ಕೊಬ್ಬಿದೆ ಎಂಬ ಸುದ್ದಿಯನ್ನು ಲೆಪ್ಟಿನ್ ಎಂಬ ಹಾರ್ಮೋನು ಹೈಪೊಥಲಾಮಸ್ಸಿಗೆ ಮುಟ್ಟಿಸುತ್ತದೆ. ಕೇಳಿಸಿಕೊಳ್ಳುವ ಜಾಗವೇ ಕೆಟ್ಟರೆ ಮೈ ಬರಗಾಲದಲ್ಲಿದ್ದೇನೆಂದು ತಿಳಿಯುತ್ತದೆ. ಹಸಿವು ಏರುತ್ತದೆ, ಶಕ್ತಿ ಖರ್ಚು ಮಾಡುವುದು ಇಳಿಯುತ್ತದೆ, ಇನ್ಸುಲಿನ್ ಹೆಚ್ಚಾಗಿ ತಿಂದದ್ದೆಲ್ಲ ಶೇಖರಣೆಗೆ ಹೋಗುತ್ತದೆ. ಈ ಗೆಡ್ಡೆಯ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಹೀಗೆ ದಪ್ಪಗಾಗುತ್ತಾರೆ. ಪಕ್ಕದ ಮನೆಯ ಹುಡುಗಿಯಷ್ಟೇ ತಿಂದರೂ ಇವಳ ತೂಕ ಏರುತ್ತದೆ. ಈಗ 80 ಕೆಜಿಯ ಆಸುಪಾಸು. ಆಪರೇಷನ್ ಆದ ಮೊದಲ ವರ್ಷದಲ್ಲೇ ಬಹುಪಾಲು ಬಂತು.

ಮನೆಯಲ್ಲಿ ಉಗ್ರಾಣಕ್ಕೆ ಬೀಗ ಬಿತ್ತು. ಬೆಲ್ಲದ ಡಬ್ಬ, ಕಡಲೆಬೀಜ, ಹಬ್ಬಕ್ಕೆ ಮಾಡಿಟ್ಟ ಚಕ್ಕುಲಿ ಎಲ್ಲ ಒಳಗೆ. ಅಟ್ಟದ ಕೊಬ್ಬರಿಗೆ ಮಾತ್ರ ಬೀಗ ಹಾಕಲಾಗಲಿಲ್ಲ. ರಾತ್ರಿ ಹನ್ನೆರಡಕ್ಕೆ ಏಣಿಯ ಸದ್ದು. ಅಪ್ಪ ಒಂದು ದಿನ ಹೊಡೆದೂ ಬಿಟ್ಟರು. ಆಮೇಲೆ ಡಾಕ್ಟರು ಕೂರಿಸಿಕೊಂಡು, ಇದು ಆಸೆಬುರುಕತನವಲ್ಲ, ಗಾಯ ಎಂದು ಚಿತ್ರ ಬರೆದು ತೋರಿಸಿದ ಮೇಲೆ ಏಣಿಯನ್ನು ತೋಟದ ಶೆಡ್ಡಿಗೆ ಸಾಗಿಸಿದರು. ಅಜ್ಜಿಗೆ ಮಾತ್ರ ಇಂದಿಗೂ ಒಪ್ಪಿಗೆಯಿಲ್ಲ. "ಹೊಟ್ಟೆಗೆ ಇಲ್ಲ ಅನ್ನಬಾರದು ಕಣೇ," ಎಂದು ಸೆರಗಿನ ಮರೆಯಲ್ಲಿ ಒಂದು ಚೂರು ಬೆಲ್ಲ ದಾಟಿಸುತ್ತಾರೆ. ಇದಕ್ಕೆ ಮದ್ದು ಹುಡುಕುವ ಕೆಲಸ ನಡೆದಿದೆ. ಸೆಟ್‌ಮೆಲನೋಟೈಡ್ ಎಂಬ ಚುಚ್ಚುಮದ್ದು ಇಂಥವರಲ್ಲಿ ತೂಕ ಇಳಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅದರ ಬೆಲೆ ಕೇಳುವ ಹಂತಕ್ಕೂ ಈ ಮನೆ ಬಂದಿಲ್ಲ.

ಶಾಲೆಯ ಬಿಸಿಯೂಟದ ಸಾಲಿನಲ್ಲಿ ಅಡುಗೆಯ ಅಕ್ಕ ಇವಳ ತಟ್ಟೆಗೆ ಒಂದೇ ಸೌಟು ಸಾಂಬಾರನ್ನ ಹಾಕಿ ಮುಂದಿನವರತ್ತ ತಿರುಗುತ್ತಾರೆ. ಮೊದಲು ಹಾಗಿರಲಿಲ್ಲ. ಕೇಳುವ ಮಗುವಿಗೆ ಇನ್ನೊಂದು ಸೌಟು ಹಾಕುವುದೇ ಅವರಿಗೆ ಗೊತ್ತಿದ್ದ ಧರ್ಮ. ಹೆಡ್‌ಮಿಸ್ಸು ಕರೆದು ಹೇಳಿದಾಗ ಅವರಿಗೆ ಸಿಟ್ಟೇ ಬಂದಿತ್ತು. ಈಗ ಸೌಟಿನ ಬದಲು ಸೌತೆಕಾಯಿ ಹೋಳು ಜಾಸ್ತಿ ಹಾಕುತ್ತಾರೆ. ಹುಡುಗರು ಇಟ್ಟ ಅಡ್ಡಹೆಸರು ಇಲ್ಲಿ ಬೇಡ. ಮಧ್ಯಾಹ್ನದ ಮೊದಲ ಪೀರಿಯಡ್ಡಿಗೆ ಅವಳ ತಲೆ ಡೆಸ್ಕಿಗೆ ಬಾಗುತ್ತದೆ. ಗಣಿತದ ಮೇಷ್ಟ್ರು ಎಬ್ಬಿಸುವುದಿಲ್ಲ, ಕನ್ನಡದ ಮೇಡಂ ಎಬ್ಬಿಸುತ್ತಾರೆ, ಕತೆ ತಪ್ಪಿಹೋಗುತ್ತದೆಂದು. ನಿನ್ನೆಯ ಪಾಠ ಇವತ್ತು ಅರ್ಧ ಉಳಿದಿರುತ್ತದೆ. ಬುದ್ಧಿ ಮಂಕಲ್ಲ. ನೆನಪನ್ನು ಕಟ್ಟಿಡುವ ತಂತುಗಳು ಹಾದುಹೋಗುವುದು ಅದೇ ನೆರೆಯಲ್ಲಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಿ ಅರ್ಜಿ ಹಾಕಿಸಿದ್ದೂ ಗಣಿತದ ಮೇಷ್ಟ್ರೇ.

ಎತ್ತರದ ಮಾತು ಬಂದರೆ ಚುಚ್ಚುಮದ್ದಿನ ಇತಿಹಾಸವನ್ನು ಒಮ್ಮೆ ನೆನೆಯಬೇಕು. ಬೆಳವಣಿಗೆಯ ಹಾರ್ಮೋನನ್ನು ಹಿಂದೆ ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಹಾಗೆ ತೆಗೆದದ್ದರಿಂದ ಕೆಲವರಿಗೆ ಮಿದುಳು ಕೊರೆಯುವ ಕ್ರಾಯಿಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಬಂದದ್ದು 1985ರಲ್ಲಿ ಬೆಳಕಿಗೆ ಬಂದು ಅದು ನಿಂತಿತು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನು ಬಂತು. ಇವಳು ಬೆಳೆದದ್ದು ಈ ಎರಡನೆಯದರಲ್ಲಿ. ಎತ್ತರ ಅಮ್ಮನ ಕಿವಿಯವರೆಗೆ ಬಂದಿದೆ. ಹರೆಯವೂ ಮಾತ್ರೆಯಿಂದಲೇ ಬಂತು, ಹನ್ನೆರಡರಲ್ಲಿ ಚೂರು ಪ್ರಮಾಣದಿಂದ ಶುರುವಾಗಿ. ನೆಂಟರಿಷ್ಟರನ್ನು ಕರೆದು ಆರತಿ ಮಾಡಿದರು. ಮಾತ್ರೆಯ ಸಂಗತಿ ಯಾರಿಗೂ ಹೇಳಲಿಲ್ಲ. 'ಮುಂದೆ ಮಕ್ಕಳಾಗುತ್ತಾ?' ಎಂಬ ಪ್ರಶ್ನೆಯನ್ನು ಅಮ್ಮ ಡಾಕ್ಟರಮ್ಮನ ಹತ್ತಿರ ಕೇಳಿದ್ದು ಮಗಳನ್ನು ಹೊರಗೆ ಕಳಿಸಿ. ಅಂಡಾಶಯ, ಗರ್ಭಕೋಶ ಚೆನ್ನಾಗಿಯೇ ಇವೆ, ಮೇಲಿನ ಅಪ್ಪಣೆ ಮಾತ್ರ ಬರುತ್ತಿಲ್ಲ; ಆ ಅಪ್ಪಣೆಯನ್ನು ಚುಚ್ಚುಮದ್ದಿನಲ್ಲಿ ಕೊಡುವ ದಾರಿ ಇದೆ ಎಂದು ಅವರು ಹೇಳಿದರು. ಮಗಳನ್ನೂ ಒಳಗೆ ಕರೆದು ಅದನ್ನೇ ಇನ್ನೊಮ್ಮೆ ಹೇಳಿದರು.

ಆರು ತಿಂಗಳಿಗೊಮ್ಮೆ ಬೆಂಗಳೂರು. ಕೆಂಪು ಬಸ್ಸಿನಲ್ಲಿ ತಾಯಿ ಮಗಳಿಬ್ಬರಿಗೂ 'ಶಕ್ತಿ' ಟಿಕೆಟ್. 2023ರ ಜೂನಿನಿಂದ ಆ ಖರ್ಚೊಂದು ಉಳಿದಿದೆ. ಆಪರೇಷನ್ನಿಗೆ ಸರ್ಕಾರದ ಆರೋಗ್ಯ ಕಾರ್ಡು ಒದಗಿತ್ತು. ದಿನನಿತ್ಯದ ಮಾತ್ರೆಗೆ ಅದು ಒದಗುವುದಿಲ್ಲ. ಹೊಸೂರು ರಸ್ತೆ, ಡೇರಿ ಸರ್ಕಲ್ ಸುತ್ತಿನಲ್ಲಿ ನಿಮ್ಹಾನ್ಸ್, ಕಿದ್ವಾಯಿ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಎಲ್ಲ ಕಾಲ್ನಡಿಗೆಯ ದೂರದಲ್ಲೇ ಇವೆ. ಫೈಲು ಎದೆಗವಚಿಕೊಂಡವರು ಒಂದರ ಗೇಟಿನಿಂದ ಹೊರಬಂದು ಇನ್ನೊಂದರ ಗೇಟಿಗೆ ನಡೆಯುವುದು ಅಲ್ಲಿ ದಿನವೂ ಕಾಣುವ ನೋಟ. ಫುಟ್‌ಪಾತಿನಲ್ಲಿ ಎಳನೀರು, ಬನ್ನು, ಪ್ಲಾಸ್ಟಿಕ್ ಚಾಪೆ, ಜೆರಾಕ್ಸ್ ಅಂಗಡಿ.

ಕಾಯುವ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತದ್ದು ರಾಯಚೂರು ಕಡೆಯ ಹುಡುಗ, ಎರಡು ಕಿವಿಗೂ ಮೆಷಿನ್ನು. ಅವನದ್ದು ಮೆಡುಲ್ಲೊಬ್ಲಾಸ್ಟೊಮಾ, ಹಿಂದಲೆಯ ಕಿರುಮಿದುಳಿನ ಕ್ಯಾನ್ಸರು. ಆಪರೇಷನ್ ಆದ ಮಾರನೆಯ ದಿನದಿಂದ ಮಾತೇ ನಿಂತುಹೋಗಿ ತಿಂಗಳ ಮೇಲೆ ಮರಳಿತಂತೆ. ಅಂಥ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಆಮೇಲೆ ಇಡೀ ತಲೆಗೂ ಬೆನ್ನುಹುರಿಗೂ ವಿಕಿರಣ, ಜೊತೆಗೆ ಸಿಸ್‌ಪ್ಲಾಟಿನ್. ಆ ಔಷಧ ಕಿವಿಯ ಮೇಲುಸ್ತರದ ದನಿಗಳನ್ನು ಮೊದಲು ಒಯ್ಯುತ್ತದೆ, ಸ, ಶ ಮುಂತಾದ ಉಸಿರಿನ ಅಕ್ಷರಗಳು ಅವನಿಗೆ ಮೆಷಿನ್ ಇಲ್ಲದೆ ಕೇಳುವುದಿಲ್ಲ. ವಿಕಿರಣ ತಿಂದ ಬೆನ್ನು ಬೆಳೆಯದೆ, ಕೂತಾಗ ಗಿಡ್ಡ, ನಿಂತಾಗ ಕಾಲು ಉದ್ದ. "ಯಾಕ್ಕಾ, ನಿಂಗೂ ತಲೀದೇನು?" ಎಂದು ಅವನೇ ಮಾತು ತೆಗೆದ.

ಅಮೆರಿಕದಲ್ಲಿ ಬಾಲ್ಯದ ಕ್ಯಾನ್ಸರಿನಿಂದ ಉಳಿದುಕೊಂಡ 10,397 ವಯಸ್ಕರಿಂದ ಪ್ರಶ್ನಾವಳಿಯಲ್ಲಿ ಮಾಹಿತಿ ಪಡೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 62ಕ್ಕೂ ಹೆಚ್ಚು ಜನರಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇತ್ತು. ಆ ಲೆಕ್ಕದಿಂದಲೇ 'ವಾಸಿಯಾದ' ಮಕ್ಕಳನ್ನು ಜೀವನಪೂರ್ತಿ ನೋಡಿಕೊಳ್ಳಬೇಕೆಂಬ ಅರಿವು ಗಟ್ಟಿಯಾಯಿತು. ಮುಂಬಯಿಯ ಟಾಟಾ ಆಸ್ಪತ್ರೆ ಚಿಕಿತ್ಸೆ ಮುಗಿದ ಮಕ್ಕಳಿಗಾಗಿಯೇ 1991ರಲ್ಲಿ ಕ್ಲಿನಿಕ್ ತೆರೆದಿತ್ತು. ರಾಯಚೂರಿನ ಹುಡುಗ ಇಂಥ ವ್ಯವಸ್ಥೆಗಳ ಲೆಕ್ಕದೊಳಗೆ ಬರುತ್ತಾನೆ. ಅರಸೀಕೆರೆಯ ಹುಡುಗಿ ಬಹಳ ಕಡೆ ಬರುವುದಿಲ್ಲ. ಅವಳದ್ದು ಕ್ಯಾನ್ಸರ್ ಅಲ್ಲವಲ್ಲ. ಅಪ್ಪನನ್ನು ಅಳಿಸಿದ ಆ ಸಂತೋಷದ ಮಾತೇ ಈಗ ಅವಳನ್ನು ಪಟ್ಟಿಗಳಿಂದ ಹೊರಗಿಟ್ಟಿದೆ. ಯೂರೋಪಿನ ದಾಖಲೆಗಳ ಪ್ರಕಾರ ಈ ಗೆಡ್ಡೆಯ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜನ ಇಪ್ಪತ್ತು ವರ್ಷದ ನಂತರವೂ ಬದುಕಿರುತ್ತಾರೆ. ಅಂಕಿ ಚೆನ್ನಾಗಿದೆ. ಅದರಲ್ಲಿ ಉಗ್ರಾಣದ ಬೀಗ ಕಾಣುವುದಿಲ್ಲ.

ಇವಳ ಸ್ಕ್ಯಾನಿನಲ್ಲಿ, ಆಪರೇಷನ್ ವೇಳೆ ಬಿಟ್ಟ ಚೂರು ಹಾಗೇ ಇದೆ, ಬೆಳೆದಿಲ್ಲ. ವಿಕಿರಣ ಕೊಟ್ಟ ಜಾಗದ ರಕ್ತನಾಳಗಳು ವರ್ಷ ಕಳೆದಂತೆ ಸಪೂರವಾಗಬಹುದು, ಅದನ್ನೂ ನೋಡುತ್ತಾರೆ. ಸಕ್ಕರೆ, ಲಿವರಿನ ಕೊಬ್ಬು, ರಕ್ತದೊತ್ತಡ ಈಗ ಹೊಸದಾಗಿ ಸೇರಿದ ಪರೀಕ್ಷೆಗಳು. ಇನ್ನೆರಡು ವರ್ಷಕ್ಕೆ ಅವಳು ಮಕ್ಕಳ ವಿಭಾಗ ಬಿಟ್ಟು ದೊಡ್ಡವರ ವಿಭಾಗಕ್ಕೆ ಹೋಗಬೇಕು. ಹೊಸ ಕಟ್ಟಡ, ಹೊಸ ಡಾಕ್ಟರು. ಎಷ್ಟೋ ಮಕ್ಕಳು ಕಳೆದುಹೋಗುವುದು ಆ ದಾಟುವಿಕೆಯಲ್ಲಿ.

ಈ ಸಲ ಫೈಲಿನ ಜೊತೆ ಬೇರೊಂದು ಕಾಗದವೂ ಬಂದಿತ್ತು. ಹಾಸನದ ಪಿಯು ಕಾಲೇಜಿನ ಹಾಸ್ಟೆಲ್ ಅರ್ಜಿ.

"ಬೇಡ ಅಂತ ನೀವಾದ್ರೂ ಹೇಳಿ ಮೇಡಂ," ಎಂದಳು ಅಮ್ಮ. "ಅಲ್ಲಿ ನೀರು ಅಳೆಯೋರು ಯಾರು?"

ಡಾಕ್ಟರು ಅಮ್ಮನಿಗೆ ಉತ್ತರಿಸಲಿಲ್ಲ. ಕುರ್ಚಿಯನ್ನು ಹುಡುಗಿಯ ಕಡೆ ತಿರುಗಿಸಿಕೊಂಡರು. "ಜ್ವರ ಬಂದ್ರೆ?"

"ಹೈಡ್ರೊಕಾರ್ಟಿಸೋನ್ ಮೂರು ಪಟ್ಟು."

"ವಾಂತಿ ಆಗಿ ಮಾತ್ರೆ ನಿಲ್ಲದಿದ್ರೆ?"

"ತೊಡೆಗೆ ಇಂಜೆಕ್ಷನ್. ಆಮೇಲೆ ಆಸ್ಪತ್ರೆ."

"ರೂಮಲ್ಲಿ ಎಲ್ರೂ ಶಿವರಾತ್ರಿ ಉಪವಾಸ ಅಂದ್ರೆ?"

"ನಾನು ಜಾಗರಣೆ ಮಾತ್ರ."

ಡಾಕ್ಟರು ನಕ್ಕರು. "ಬೆಳಗ್ಗೆ ತೂಕ ಒಂದು ಕೆಜಿ ಇಳಿದಿದ್ರೆ?"

ಹುಡುಗಿ ತಡವರಿಸಿದಳು. ಅಮ್ಮನ ಬಾಯಿ ತೆರೆಯಿತು, ಡಾಕ್ಟರು ಕೈ ಎತ್ತಿ ತಡೆದರು. ಹುಡುಗಿ ಮೊಬೈಲ್ ತೆಗೆದು ಬರೆದಿಟ್ಟುಕೊಂಡದ್ದನ್ನು ಹುಡುಕಿ ಓದಿದಳು: ನೀರು ಜಾಸ್ತಿ, ಒಟ್ಟಿಗೆ ಅಲ್ಲ, ದಿನದಲ್ಲಿ ಹಂಚಿ, ಮತ್ತೆ ತೂಕ, ಸುಸ್ತಿದ್ದರೆ ಸೋಡಿಯಂ. "ಮರೆತುಹೋಗುತ್ತೆ ಮೇಡಂ, ಅದಕ್ಕೇ ಬರೆದಿಟ್ಟಿದೀನಿ."

"ನೋಡ್ಕೊಂಡು ಹೇಳಿದ್ರೂ ಪಾಸೇ. ವಾರ್ಡನ್‌ಗೆ ಒಂದು ಪತ್ರ ಬರ್ಕೊಡ್ತೀನಿ."

"ವಾರ್ಡನ್‌ಗೆ ಬೇಡ. ನನ್ನ ಹೆಸರಿಗೆ ಬರ್ಕೊಡಿ. ಯಾರಿಗೆ ತೋರಿಸ್ಬೇಕೋ ಅವ್ರಿಗೆ ನಾನೇ ತೋರಿಸ್ತೀನಿ."

ಡಾಕ್ಟರು ಒಂದು ಕ್ಷಣ ಅಮ್ಮನ ಮುಖ ನೋಡಿ, ಎರಡು ಪತ್ರ ಬರೆದರು.